ವೇಗದ ಬೌಲರ್‌ನ ಬೆನ್ನು, ಕಂಪ್ಯೂಟರ್‌ನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋ. ನನ್ನ ಹತ್ತಿರ ಬರುವವರಲ್ಲಿ ಹದಿಹರೆಯದ ವೇಗದ ಬೌಲರ್‌ಗಳು ಜಾಸ್ತಿ. ಅವರ ಜೊತೆ ಬರುವ ಅಪ್ಪ ಅಮ್ಮ, ಕೋಚ್ ಎಲ್ಲರೂ ಈಗ ಜಿಪಿಎಸ್ ಜಾಕೆಟ್, ಎಂಆರ್‌ಐ, ಎಐ ಎಂದೆಲ್ಲ ಕೇಳುತ್ತಾರೆ. ಟಿವಿಯಲ್ಲಿ ನೋಡಿರುತ್ತಾರೆ, ಕುತೂಹಲ ಸಹಜ. ಕ್ರೀಡಾ ವೈದ್ಯದಲ್ಲಿ ಕಂಪ್ಯೂಟರ್ ಎಲ್ಲ ಆಟಗಳಿಗೂ ಬಂದಿದೆ. ಆದರೆ ನನಗೆ ಚೆನ್ನಾಗಿ ಗೊತ್ತಿರುವುದು ಬೌಲರ್‌ಗಳ ಬೆನ್ನು. ಹಾಗಾಗಿ ಇಲ್ಲಿ ಅದನ್ನೇ ಹಿಡಿದು ಬರೆದಿದ್ದೇನೆ.

ವೇಗದ ಬೌಲರ್‌ಗಳಿಗೇ ಯಾಕೆ ಇಷ್ಟೊಂದು ಬೆನ್ನುನೋವು?

ಚೆಂಡು ಬಿಡುವ ಮುಂಚೆ ಮುಂದಿನ ಕಾಲು ನೆಲಕ್ಕೆ ಬಡಿಯುತ್ತದಲ್ಲ, ಆ ಕ್ಷಣ ನೋಡಿ. ದೊಡ್ಡವರಲ್ಲಿ ಅಳೆದಾಗ ದೇಹದ ತೂಕದ ಐದಾರು ಪಟ್ಟು ಬಲ ನೆಲದಿಂದ ವಾಪಸ್ ಬರುತ್ತದೆ. 80 ಕಿಲೋ ತೂಕದ ಬೌಲರ್ ಆದರೆ 400 ಕಿಲೋಗೂ ಮೇಲೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ವಾಲಿರುತ್ತದೆ, ತಿರುಗುತ್ತಲೂ ಇರುತ್ತದೆ. ಈ ಮೂರರ ಹೊರೆ ಸೊಂಟದ ಕೊನೆಯ ಎರಡು ಕಶೇರುಗಳ (ಬೆನ್ನುಮೂಳೆಯ ತುಂಡುಗಳ) ಹಿಂಭಾಗದ ಸಣ್ಣ ಮೂಳೆಯ ಮೇಲೆ ಬೀಳುತ್ತದೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಗಡೆ, ಎಡಗೈ ಬೌಲರ್‌ಗೆ ಬಲಗಡೆ.

ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಒಂದು ಎಸೆತದಿಂದ ಏನೂ ಆಗುವುದಿಲ್ಲ. ಸಾವಿರಾರು ಎಸೆತ ಸೇರಿದಾಗ ಕೂದಲೆಳೆ ಬಿರುಕು ಬೀಳುತ್ತದೆ. ಇದೇ ಸ್ಟ್ರೆಸ್ ಫ್ರ್ಯಾಕ್ಚರ್. ಮೂಳೆಗೆ ವಿಶ್ರಾಂತಿ ಸಿಕ್ಕರೆ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಹಾಗಾಗಿ ತಂತಿಗಿಂತ ವಾಸಿ. ಆದರೆ ವಿಶ್ರಾಂತಿ ಸಿಗಬೇಕು.

ಹದಿನೈದು, ಹದಿನೆಂಟರ ವಯಸ್ಸಿನಲ್ಲಿ ಈ ಭಾಗದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಬೇಕು. ಆಸ್ಟ್ರೇಲಿಯಾದ ಪ್ಯಾಟ್ ಕಮಿನ್ಸ್ 18ನೇ ವಯಸ್ಸಿನಲ್ಲಿ, 2011ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಎರಡನೇ ಇನಿಂಗ್ಸ್‌ನಲ್ಲೇ ಆರು ವಿಕೆಟ್. ಅವರ ಎರಡನೇ ಟೆಸ್ಟ್ ನಡೆದದ್ದು 2017ರಲ್ಲಿ, ನಮ್ಮ ರಾಂಚಿಯಲ್ಲಿ. ನಡುವಿನ ಐದು ವರ್ಷಕ್ಕೆ ದೊಡ್ಡ ಕಾರಣ ಬೆನ್ನಿನ ಬಿರುಕುಗಳೇ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು?

ಆಸ್ಟ್ರೇಲಿಯಾದ ವೇಗದ ಬೌಲರ್ ಡೆನಿಸ್ ಲಿಲಿಗೆ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನು ಮುರಿಯಿತು. ಪ್ಲಾಸ್ಟರ್ ಹಾಕಿ ಕೂರಿಸಿದರು. ಆಮೇಲೆ ಪರ್ತ್‌ನ ವಿಶ್ವವಿದ್ಯಾಲಯದ ಕ್ರೀಡಾ ವಿಜ್ಞಾನಿ ಫ್ರ್ಯಾಂಕ್ ಪೈಕ್ ಜೊತೆ ಸೇರಿ ವ್ಯಾಯಾಮದ ಕ್ರಮವನ್ನೇ ಹೊಸದಾಗಿ ಕಟ್ಟಿದರು. 1974-75ರ ಆ್ಯಷಸ್‌ಗೆ ಲಿಲಿ ವಾಪಸ್ ಬಂದರು, ಥಾಮ್ಸನ್ ಜೊತೆ ಇಂಗ್ಲೆಂಡನ್ನು ನಡುಗಿಸಿದರು. ಇಷ್ಟೆಲ್ಲ ನಡೆದದ್ದು ಸೆನ್ಸರ್, ಸಾಫ್ಟ್‌ವೇರ್ ಏನೂ ಇಲ್ಲದೆ. ಹುಷಾರಾಗಿ ನೋಡುವ ಕಣ್ಣು, ತಾಳ್ಮೆಯಿಂದ ಕೆಲಸ ಮಾಡುವ ಬೌಲರ್, ಇಷ್ಟೇ. ನಮ್ಮಲ್ಲಿ ಯಂತ್ರ ಇಲ್ಲ ಎಂದು ಬೇಸರ ಪಡುವ ಕೋಚ್‌ಗಳಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಬಯೋಮೆಕ್ಯಾನಿಕ್ಸ್ (ದೇಹದ ಚಲನೆ, ಬಲ ಅಳೆಯುವ) ಲ್ಯಾಬ್‌ನಲ್ಲಿ ಏನು ಮಾಡುತ್ತಾರೆ?

ಹುಡುಗ ಶರ್ಟ್ ಬಿಚ್ಚಿ ನಿಲ್ಲುತ್ತಾನೆ. ಭುಜ, ಮೊಣಕೈ, ಸೊಂಟ, ಮಂಡಿ, ಕಣಕಾಲು ಹೀಗೆ ಮೂಳೆ ಕೈಗೆ ಸಿಗುವ ಕಡೆಯೆಲ್ಲ ಗೋಲಿ ಗಾತ್ರದ ಹೊಳೆಯುವ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲೂ ಇನ್‌ಫ್ರಾರೆಡ್ ಕ್ಯಾಮೆರಾಗಳು. ಇವು ಹುಡುಗನ ಮುಖ ನೋಡುವುದಿಲ್ಲ, ಆ ಗುಂಡುಗಳನ್ನಷ್ಟೇ ಸೆಕೆಂಡಿಗೆ 200-300 ಸಲ ಹಿಡಿಯುತ್ತವೆ. ಒಂದೇ ಗುಂಡು ಎರಡು ಮೂರು ಕ್ಯಾಮೆರಾಗೆ ಕಂಡರೆ ಸಾಕು, ಅದು ಎಲ್ಲಿದೆ ಎಂದು ಕಂಪ್ಯೂಟರ್ ಮೂರು ಆಯಾಮದಲ್ಲಿ ಲೆಕ್ಕ ಹಾಕುತ್ತದೆ. ಮುಂದಿನ ಕಾಲು ಬೀಳುವ ಜಾಗದಲ್ಲಿ ನೆಲದೊಳಗೆ ಫೋರ್ಸ್ ಪ್ಲೇಟ್ ಹೂತಿರುತ್ತಾರೆ. ಅದು ಬಲವನ್ನು ಅಳೆಯುತ್ತದೆ.

ಹುಡುಗ ಓಡಿ ಬಂದು ಎಸೆಯುತ್ತಾನೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕಡ್ಡಿ ಮನುಷ್ಯ ಬೌಲಿಂಗ್ ಮಾಡುವುದು ಕಾಣುತ್ತದೆ. ಅದನ್ನು ಯಾವ ದಿಕ್ಕಿನಿಂದ ಬೇಕಾದರೂ ತಿರುಗಿಸಿ ನೋಡಬಹುದು, ಮೇಲಿನಿಂದ ಕೂಡ. ಮೇಲಿನಿಂದ ನೋಡುವುದು ಬಹಳ ಮುಖ್ಯ. ಯಾಕೆಂದರೆ ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ನೋಡುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಮಿಕ್ಸ್‌ಡ್ ಆ್ಯಕ್ಷನ್ ಎನ್ನುತ್ತಾರೆ. ಸಂಶೋಧಕ ಬ್ರೂಸ್ ಎಲಿಯಟ್ ಮತ್ತು ಅವರ ಜೊತೆಗಾರರು ಪರ್ತ್‌ನಲ್ಲಿ ವರ್ಷಗಟ್ಟಲೆ ಬೌಲರ್‌ಗಳನ್ನು ಅಳೆದು, ಈ ಆ್ಯಕ್ಷನ್‌ಗೂ ಬೆನ್ನಿನ ಗಾಯಕ್ಕೂ ನಂಟಿದೆ ಎಂದು ತೋರಿಸಿದರು. ಮೈದಾನದಲ್ಲಿ ನಿಂತ ಕೋಚ್‌ಗೆ ಇದು ಪೂರ್ತಿ ಕಾಣುವುದಿಲ್ಲ. ಕಾಲು ಬಿದ್ದು ಚೆಂಡು ಬಿಡುವ ಹೊತ್ತು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ.

ಒಂದು ಮಾತು. ರಿಪೋರ್ಟ್ ಬಂದ ತಕ್ಷಣ ಆ್ಯಕ್ಷನ್ ಬದಲಿಸಲು ಹೊರಡಬೇಡಿ. ಬದಲಿಸುವ ಕೆಲಸಕ್ಕೆ ತಿಂಗಳುಗಳು ಬೇಕು, ಸೀಸನ್ ನಡುವೆ ಮಾಡುವುದಲ್ಲ.

ಹದಿನೈದು ಡಿಗ್ರಿ ನಿಯಮವೂ ಇದೇ ಲ್ಯಾಬ್‌ನಿಂದ ಬಂದದ್ದಾ?

ಹೌದು. ಚೆಂಡು ಬಿಡುವ ಮುಂಚೆ ಮೊಣಕೈ ಎಷ್ಟು ನೆಟ್ಟಗಾಗುತ್ತದೆ ಎಂಬುದನ್ನು ಬರಿಗಣ್ಣಲ್ಲಿ ಹೇಳುವುದು ಕಷ್ಟ. ಶ್ರೀಲಂಕಾದ ಸ್ಪಿನ್ನರ್ ಮುರಳೀಧರನ್ ಮೊಣಕೈ ಬಾಗಿಸಿ ಚಕ್ ಮಾಡುತ್ತಾರೆ ಎಂಬ ವಿವಾದದ ಸಮಯದಲ್ಲಿ ಪರ್ತ್‌ನ ಲ್ಯಾಬ್‌ನಲ್ಲಿ ಅಳೆದು ನೋಡಿದರು. ಆಮೇಲೆ ಬೇರೆ ಬೌಲರ್‌ಗಳನ್ನೂ ಅಳೆದಾಗ, ತೋಳು ನೆಟ್ಟಗಿದೆ ಎಂದು ಎಲ್ಲರೂ ಅಂದುಕೊಂಡಿದ್ದವರದ್ದೂ ಸ್ವಲ್ಪ ಬಾಗಿ ನೆಟ್ಟಗಾಗುತ್ತಿತ್ತು. 2005ರಿಂದ ಐಸಿಸಿ ಎಲ್ಲರಿಗೂ 15 ಡಿಗ್ರಿ ಮಿತಿ ಇಟ್ಟಿತು. ನಮ್ಮ ಹತ್ತಿರದಲ್ಲೇ, ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿ ಐಸಿಸಿ ಒಪ್ಪಿದ ಪರೀಕ್ಷಾ ಕೇಂದ್ರ ಇದೆ. ಈ ಪರೀಕ್ಷೆ ಗಾಯಕ್ಕೆ ಸಂಬಂಧಿಸಿದ್ದಲ್ಲ, ನಿಯಮಕ್ಕೆ ಸಂಬಂಧಿಸಿದ್ದು. ಉಪಕರಣ ಮಾತ್ರ ಒಂದೇ.

ಆಟಗಾರರು ಜರ್ಸಿ ಒಳಗೆ ಹಾಕುವ ಆ ಬನಿಯನ್‌ನಲ್ಲಿ ಏನಿದೆ?

ಎರಡು ಭುಜದ ಮೂಳೆಗಳ ನಡುವೆ ಸಣ್ಣ ಜೇಬು, ಅದರಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಒಳಗೆ ಜಿಪಿಎಸ್ ಚಿಪ್ ಇದೆ. ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಜಾಗ ಗುರುತಿಸುತ್ತದೆ. ಜೊತೆಗೆ ವೇಗ ಏರಿಳಿಯುವುದನ್ನು, ದೇಹ ತಿರುಗುವುದನ್ನು ಅಳೆಯುವ ಸೆನ್ಸರ್‌ಗಳಿವೆ. ಆಸ್ಟ್ರೇಲಿಯಾದ ಕ್ಯಾಟಪಲ್ಟ್, ಉತ್ತರ ಐರ್ಲೆಂಡ್‌ನ ಸ್ಟ್ಯಾಟ್‌ಸ್ಪೋರ್ಟ್ಸ್ ಕಂಪನಿಗಳು ಇದರಲ್ಲಿ ಹೆಸರುವಾಸಿ.

ಎಷ್ಟು ಕಿಲೋಮೀಟರ್ ಓಡಿದ, ಅದರಲ್ಲಿ ಜೋರಾಗಿ ಓಡಿದ್ದೆಷ್ಟು ಎಂಬುದು ಸುಲಭವಾಗಿ ಸಿಗುತ್ತದೆ. ನನಗೆ ಇಷ್ಟವಾದ ಉಪಯೋಗ ಬೇರೆ. ಓಡಿ ಬಂದು ಭುಜ ತಿರುಗಿಸಿದ ರೀತಿಯಿಂದಲೇ ಇದೊಂದು ಎಸೆತ ಎಂದು ಸಾಫ್ಟ್‌ವೇರ್ ಗುರುತು ಹಿಡಿಯುತ್ತದೆ. ಅಂದರೆ ನೆಟ್ಸ್‌ನಲ್ಲಿ ಹಾಕಿದ ಎಸೆತಗಳೂ ಲೆಕ್ಕಕ್ಕೆ ಬರುತ್ತವೆ. ಮ್ಯಾಚ್‌ನಲ್ಲಿ ಸ್ಕೋರರ್ ಇರುತ್ತಾರೆ, ನೆಟ್ಸ್‌ನಲ್ಲಿ ಯಾರೂ ಎಣಿಸುವುದಿಲ್ಲ. ಬಹಳಷ್ಟು ಬೆನ್ನು ಹಾಳಾಗುವುದೇ ಅಲ್ಲಿ.

ಎಸೆತ ಎಣಿಸಿದರೆ ನಿಜವಾಗಿ ಏನು ಉಪಯೋಗ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಾನು ನೋಡುವ ಹುಡುಗರ ಕಥೆ ಹೆಚ್ಚುಕಡಿಮೆ ಹೀಗಿರುತ್ತದೆ. ಬೆಳಿಗ್ಗೆ ಅಕಾಡೆಮಿ, ಮಧ್ಯಾಹ್ನ ಶಾಲಾ ತಂಡ, ಶನಿವಾರ ಕ್ಲಬ್ ಲೀಗ್, ಭಾನುವಾರ ಏರಿಯಾ ಹುಡುಗರ ಜೊತೆ ಟೆನಿಸ್ ಬಾಲ್ ಟೂರ್ನಿ. ಅಕಾಡೆಮಿ ಕೋಚ್ ಕೇಳಿದರೆ "ಆರೇ ಓವರ್ ಹಾಕಿಸಿದ್ದು ಸಾರ್" ಎನ್ನುತ್ತಾರೆ. ಶಾಲೆಯ ಪಿಟಿ ಮಾಸ್ಟರೂ ಹಾಗೇ ಹೇಳುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಎಲ್ಲವನ್ನೂ ಕೂಡಿಸಿ ನೋಡಿದವರು ಮಾತ್ರ ಯಾರೂ ಇಲ್ಲ. ಹುಡುಗನ ಬೆನ್ನಿಗಷ್ಟೇ ಒಟ್ಟು ಲೆಕ್ಕ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಹಿಂದಿನ ಮೂರು ವಾರ ಹುಡುಗ 90, 120, 110 ಎಸೆತ ಹಾಕಿದ್ದಾನೆ. ಈ ವಾರ 200. ನಾಲ್ಕು ವಾರದ ಸರಾಸರಿ 130. ಈ ವಾರದ 200ನ್ನು 130ರಿಂದ ಭಾಗಿಸಿದರೆ 1.54. ಅಂದರೆ ಬೆನ್ನಿಗೆ ಅಭ್ಯಾಸ ಇದ್ದದ್ದಕ್ಕಿಂತ ಒಂದೂವರೆ ಪಟ್ಟು ಕೆಲಸ ಬಿದ್ದಿದೆ. ಈ ಅನುಪಾತ 1.5 ದಾಟಿದರೆ ಜೋಪಾನ ಎಂದು ಬಹಳ ತಂಡಗಳು ಇಟ್ಟುಕೊಂಡಿವೆ.

ಇನ್ನೊಬ್ಬ ಹುಡುಗ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಎಂದು ಎರಡು ವಾರ ಚೆಂಡು ಮುಟ್ಟಿಲ್ಲ. ಮೂರನೇ ವಾರ 60 ಎಸೆತ. ನಾಲ್ಕನೇ ವಾರ ಸಮ್ಮರ್ ಕ್ಯಾಂಪ್ ಶುರು, 140 ಎಸೆತ. ಸರಾಸರಿ 50, ಅನುಪಾತ 2.8! ಮೊದಲನೆಯವನಿಗಿಂತ 60 ಎಸೆತ ಕಮ್ಮಿ ಹಾಕಿದ್ದರೂ ಇವನ ಬೆನ್ನಿಗೇ ಹೆಚ್ಚಿನ ಆಘಾತ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಹತ್ತಿರ ಬೆನ್ನು ಹಿಡಿದುಕೊಂಡು ಬರುವ ಹುಡುಗರಲ್ಲಿ ಬಹಳ ಜನ ಹೀಗೆ ಪರೀಕ್ಷೆ ಮುಗಿಸಿ ನೇರ ಕ್ಯಾಂಪ್‌ಗೆ ಹೋದವರು. ಅಪ್ಪ ಅಮ್ಮನಿಗೆ ಆಶ್ಚರ್ಯ: "ರೆಸ್ಟ್ ತಗೊಂಡಿದ್ದನಲ್ವಾ ಸಾರ್?" ಹೌದು, ಆ ರೆಸ್ಟ್‌ನಿಂದಲೇ ಮೂಳೆಗೆ ಅಭ್ಯಾಸ ತಪ್ಪಿತ್ತು. ಪರೀಕ್ಷೆ ನಡೆಯುವಾಗಲೂ ವಾರಕ್ಕೆ ಎರಡು ಸಲ, ನಾಲ್ಕು ನಾಲ್ಕು ಓವರ್ ಹಾಕಿದರೆ ಇಷ್ಟು ತೊಂದರೆ ಆಗುವುದಿಲ್ಲ. ಓದಿಗೂ ಅದು ಅಡ್ಡಿಯಾಗುವಷ್ಟು ಹೊತ್ತಲ್ಲ.

ಆ ಅನುಪಾತವನ್ನು ಕಣ್ಣು ಮುಚ್ಚಿ ನಂಬಬಹುದಾ?

ಬೇಡ. ಆಸ್ಟ್ರೇಲಿಯಾದ ವೇಗದ ಬೌಲರ್‌ಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಬಂದ ಮೇಲೆ ಇದು ಜಗತ್ತಿನೆಲ್ಲೆಡೆ ಹಬ್ಬಿತು. ಆಮೇಲೆ ಸಂಖ್ಯಾಶಾಸ್ತ್ರ ಬಲ್ಲವರು ತಕರಾರು ತೆಗೆದರು. ಈ ವಾರದ ಎಸೆತವನ್ನೇ ಭಾಗಿಸುತ್ತೇವೆ, ಭಾಗಿಸುವ ಸರಾಸರಿಯ ಒಳಗೂ ಅದೇ ಸೇರಿದೆ, ಹಾಗಾಗಿ ಲೆಕ್ಕವೇ ಒಂದಿಷ್ಟು ನಂಟನ್ನು ಹುಟ್ಟಿಸುತ್ತದೆ ಎಂದರು. ಅವರ ಮಾತು ಸರಿ. 1.49 ಸುರಕ್ಷಿತ, 1.51 ಅಪಾಯ ಎಂದೇನೂ ಇಲ್ಲ.

ಒಟ್ಟು ಎಸೆತವೂ ಮುಖ್ಯವೇ. ಒಂದೇ ಪಂದ್ಯದಲ್ಲಿ 50 ಓವರ್‌ಗಿಂತ ಜಾಸ್ತಿ ಹಾಕಿದ ಬೌಲರ್‌ಗಳಿಗೆ ಮುಂದಿನ ಮೂರು ವಾರ ಗಾಯದ ಅಪಾಯ ಹೆಚ್ಚು ಎಂದು ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನ 2009ರಲ್ಲೇ ಹೇಳಿತ್ತು. ಗಮನಿಸಿ, ಗಾಯ ಆ ಪಂದ್ಯದಲ್ಲೇ ಆಗಬೇಕಿಲ್ಲ, ತಡವಾಗಿಯೂ ಬರಬಹುದು. ಅನುಪಾತವನ್ನು ನಾನು ಬಳಸುವುದು ಒಂದೇ ಕಾರಣಕ್ಕೆ: ಎಸೆತ ದಿಢೀರನೆ ಏರಿದ್ದನ್ನು ಅದು ಅಪ್ಪ ಅಮ್ಮನಿಗೂ ಕಾಣುವ ಹಾಗೆ ತೋರಿಸುತ್ತದೆ.

ಎಕ್ಸ್-ರೇ ಸಾಕಾಗಲ್ವಾ? ಎಂಆರ್‌ಐ ಯಾಕೆ?

ಶುರುವಿನ ಹಂತದ ಬಿರುಕು ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ ಎನ್ನಬಹುದು. "ಎಕ್ಸ್-ರೇ ನಾರ್ಮಲ್ ಬಂತು" ಎಂದು ಹುಡುಗನನ್ನು ಮತ್ತೆ ಬೌಲಿಂಗ್‌ಗೆ ಕಳಿಸಿದವರು ಬಹಳ.

ಎಂಆರ್‌ಐ ಯಂತ್ರದ ಕಾಂತಕ್ಷೇತ್ರದಲ್ಲಿ ದೇಹದ ನೀರಿನಂಶ ಸಣ್ಣ ಸಣ್ಣ ಸಂಕೇತ ಕೊಡುತ್ತದೆ. ಆ ಸಂಕೇತಗಳನ್ನು ಚಿತ್ರ ಮಾಡುವುದು ಪೂರ್ತಿ ಕಂಪ್ಯೂಟರ್‌ನ ಕೆಲಸ. ಬಿರುಕು ಬೀಳುವ ಮುಂಚೆಯೇ ಮೂಳೆಯ ಒಳಗೆ ಊತ ಬರುತ್ತದೆ, ಎಂಆರ್‌ಐಯಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಆ ಹಂತದಲ್ಲೇ ಸಿಕ್ಕರೆ ಬೌಲಿಂಗ್ ನಿಲ್ಲಿಸಿ ಬೇಗ ವಾಪಸ್ ಬರಬಹುದು. ಬಿರುಕು ಪೂರ್ತಿ ಬಿದ್ದರೆ ಎಷ್ಟೋ ತಿಂಗಳು ಹೋಗುತ್ತದೆ. ಅದಕ್ಕೇ ಆಸ್ಟ್ರೇಲಿಯಾದಲ್ಲಿ ಕಿರಿಯ ಬೌಲರ್‌ಗಳಿಗೆ ನೋವಿಲ್ಲದಿದ್ದರೂ ನಡುನಡುವೆ ಎಂಆರ್‌ಐ ಮಾಡಿ ನೋಡುತ್ತಾರೆ. ಸಿಟಿ ಸ್ಕ್ಯಾನ್ ಬಿರುಕಿನ ಗೆರೆಯನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದರಲ್ಲಿ ವಿಕಿರಣ ಇದೆ. ಮಕ್ಕಳಿಗೆ ಬೇಕಾದಾಗ ಮಾತ್ರ.

ಇನ್ನೊಂದು ಕಡೆಯೂ ಇದೆ. ನೋವೇ ಇಲ್ಲದವರ ಬೆನ್ನನ್ನು ಸ್ಕ್ಯಾನ್ ಮಾಡಿದರೂ ಡಿಸ್ಕ್ ಉಬ್ಬಿದ್ದು, ಸವೆದದ್ದು ಕಾಣುವುದು ಮಾಮೂಲು. ರಿಪೋರ್ಟಿನ ದೊಡ್ಡ ದೊಡ್ಡ ಪದ ನೋಡಿ ಹೆದರಬೇಡಿ. ಹುಡುಗನನ್ನು ಮುಟ್ಟಿ ಪರೀಕ್ಷೆ ಮಾಡಿದ ಡಾಕ್ಟರ್ ಆ ರಿಪೋರ್ಟ್ ಓದಲಿ.

ಗಾಯ ಆಗುವ ಮುಂಚೆಯೇ ಎಐ ಹೇಳಿಬಿಡುತ್ತಂತೆ, ನಿಜವಾ?

ಅಷ್ಟು ಖಚಿತವಾಗಿ ಇಲ್ಲ. ಒಂದು ತಂಡದಲ್ಲಿ ವೇಗದ ಬೌಲರ್‌ಗಳು ಏಳೆಂಟು ಜನ ಇರುತ್ತಾರೆ. ವರ್ಷಕ್ಕೆ ಅವರಲ್ಲಿ ಆಗುವ ಬೆನ್ನಿನ ಬಿರುಕು ಒಂದೋ ಎರಡೋ. ಇಷ್ಟು ಕಡಿಮೆ ಉದಾಹರಣೆ ಕೊಟ್ಟು ಕಂಪ್ಯೂಟರ್‌ಗೆ ಕಲಿಸುವುದು ಕಷ್ಟ. ಅಪಾಯದ ಗುಂಪಿನಲ್ಲಿ ಯಾರಿದ್ದಾರೆ ಎಂದು ಅದು ಸೂಚಿಸಬಹುದು. ಈ ಹುಡುಗನಿಗೆ ಮುಂದಿನ ತಿಂಗಳು ಗಾಯ ಆಗುತ್ತದೆ ಎಂದು ಯಾರಾದರೂ ಆ್ಯಪ್ ಮಾರಿದರೆ ದುಡ್ಡು ಕೊಡಬೇಡಿ.

ಸ್ಕ್ಯಾನ್ ಓದುವುದರಲ್ಲಿ ಮಾತ್ರ ಎಐ ನಿಜವಾಗಿ ಮುಂದೆ ಬಂದಿದೆ. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನವರು 2018ರಲ್ಲೇ ಸಾವಿರಕ್ಕೂ ಹೆಚ್ಚು ಮಂಡಿಯ ಎಂಆರ್‌ಐಗಳನ್ನು ಕೊಟ್ಟು, ಎಸಿಎಲ್ (ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು) ಹರಿದದ್ದನ್ನು ಗುರುತಿಸುವ ಪ್ರೋಗ್ರಾಂ ಮಾಡಿದ್ದರು. ಎಂಆರ್‌ಐ ತೆಗೆಯುವ ಸಮಯವನ್ನು ಕಡಿಮೆ ಮಾಡುವುದಕ್ಕೂ ಎಐ ಬಳಕೆಯಲ್ಲಿದೆ. ಯಂತ್ರದೊಳಗೆ ಅಲ್ಲಾಡದೆ ಮಲಗಲು ಒದ್ದಾಡುವ ಮಕ್ಕಳಿಗೆ ಇದು ದೊಡ್ಡ ಉಪಕಾರ.

ತಲೆಗೆ ಚೆಂಡು ಬಿದ್ದರೆ ಕಂಪ್ಯೂಟರ್ ಪರೀಕ್ಷೆ ಮಾಡುತ್ತಾರಂತಲ್ಲ?

ಬೆನ್ನಿನ ವಿಷಯ ಅಲ್ಲದಿದ್ದರೂ ಇದನ್ನು ಬಿಡುವ ಹಾಗಿಲ್ಲ. ಸೀಸನ್ ಶುರುವಾಗುವ ಮುಂಚೆ ಆಟಗಾರ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಪರದೆಯ ಮೇಲೆ ಇಸ್ಪೀಟ್ ಎಲೆ ತಿರುಗುತ್ತದೆ. ಎಲೆ ಕೆಂಪಾ? ಈಗ ನೋಡಿದ ಎಲೆಯೇನಾ? ಹೌದು, ಅಲ್ಲ ಎಂದು ಬಟನ್ ಒತ್ತುತ್ತಾ ಹೋಗಬೇಕು. ಎಷ್ಟು ಬೇಗ ಒತ್ತಿದ, ಎಷ್ಟು ತಪ್ಪು ಮಾಡಿದ ಎಂಬುದು ಅವನ ಮಾಮೂಲು ಮಟ್ಟ. ಪೆಟ್ಟು ಬಿದ್ದ ಮೇಲೆ ಮತ್ತೆ ಅದೇ ಪರೀಕ್ಷೆ. ಹೋಲಿಕೆ ಅವನದೇ ಹಳೆಯ ಅಂಕಗಳ ಜೊತೆ.

2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಎಸೆತ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಅಂದಿನ ಪರೀಕ್ಷೆಗಳಲ್ಲಿ ಪಾಸಾಗಿ, ವಾಪಸ್ ಬಂದು 92ರವರೆಗೆ ಆಡಿದರು. ಮರುದಿನ ಬೆಳಿಗ್ಗೆ ತಲೆನೋವು. ಕಂಪ್ಯೂಟರ್ ಪರೀಕ್ಷೆ ಮತ್ತೆ ಮಾಡಿದಾಗ ಅವರ ಮಾಮೂಲು ಮಟ್ಟಕ್ಕಿಂತ ಕೆಳಗೆ ಬಂದಿತ್ತು. ಅವರ ಬದಲಿಗೆ ಲಬುಶೇನ್ ಇಳಿದರು, ಟೆಸ್ಟ್ ಚರಿತ್ರೆಯ ಮೊದಲ ಕನ್ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಬದಲಿ ಆಟಗಾರ. ಮೊದಲ ದಿನ ಪಾಸಾದ ಮಾತ್ರಕ್ಕೆ ಅಪಾಯ ಮುಗಿಯಿತು ಎಂದಲ್ಲ. ನಿಮ್ಮ ಮಗುವಿಗೆ ಪೆಟ್ಟು ಬಿದ್ದರೆ, ಯಾವ ಪರೀಕ್ಷೆ ಏನೇ ಹೇಳಲಿ, ಅವತ್ತು ಮತ್ತೆ ಆಡಿಸಬೇಡಿ.

ನಮ್ಮೂರಲ್ಲಿ ಲ್ಯಾಬ್ ಇಲ್ಲ. ಮೊಬೈಲ್‌ನಲ್ಲಿ ಏನಾದರೂ ಮಾಡಬಹುದಾ?

ಖಂಡಿತ. ಈಗಿನ ಬಹಳ ಫೋನ್‌ಗಳಲ್ಲಿ ಸ್ಲೋಮೋಷನ್ ಇದೆ, ಕೆಲವದರಲ್ಲಿ ಸೆಕೆಂಡಿಗೆ 240 ಚಿತ್ರ. ಫೋನನ್ನು ಸ್ಟ್ಯಾಂಡ್ ಮೇಲಿಟ್ಟು ಎರಡು ಕಡೆಯಿಂದ ತೆಗೆಯಿರಿ: ಕ್ರೀಸ್‌ಗೆ ನೇರ ಪಕ್ಕದಿಂದ, ಆಮೇಲೆ ಹಿಂದಿನಿಂದ. ಕಿನೋವಿಯಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿದರೆ ಚಿತ್ರದ ಮೇಲೆ ಗೆರೆ ಎಳೆದು ಕೋನ ನೋಡಬಹುದು. ಮುಂದಿನ ಕಾಲು ಬಿದ್ದಾಗ ದೇಹ ಪಕ್ಕಕ್ಕೆ ಎಷ್ಟು ವಾಲಿದೆ ಎಂಬುದು ಹಿಂದಿನ ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಒಂದೇ ಜಾಗದಿಂದ ತೆಗೆದಿಟ್ಟುಕೊಳ್ಳಿ. ಸುಸ್ತಾದಾಗ ಆ್ಯಕ್ಷನ್ ಹೇಗೆ ಕೆಡುತ್ತದೆ ನೋಡಲು ಮೊದಲ ಓವರ್ ಮತ್ತು ಕೊನೆಯ ಓವರ್ ಎರಡನ್ನೂ ತೆಗೆಯಿರಿ.

ಸ್ಟ್ಯಾನ್‌ಫೋರ್ಡ್‌ನವರದೇ ಓಪನ್‌ಕ್ಯಾಪ್ ಎಂಬ ವ್ಯವಸ್ಥೆ ಎರಡು ಫೋನ್‌ಗಳ ವಿಡಿಯೊದಿಂದಲೇ, ಗುಂಡು ಅಂಟಿಸದೆ, ಮೂರು ಆಯಾಮದ ಚಲನೆ ತೆಗೆಯುತ್ತದೆ. ಬೌಲಿಂಗ್‌ನಷ್ಟು ವೇಗದ ಚಲನೆಗೆ ಲ್ಯಾಬ್‌ನ ನಿಖರತೆ ಬರುವುದಿಲ್ಲ. ಆದರೂ ದಾರಿ ಸರಿಯಾಗಿದೆ, ನನಗೆ ಇದರ ಮೇಲೆ ಬಹಳ ಆಸೆ ಇದೆ.

ಇದೆಲ್ಲಕ್ಕಿಂತ ಮುಂಚೆ ಫೋನ್‌ನಲ್ಲಿ ಒಂದು ಪಟ್ಟಿ ಮಾಡಿ. ದಿನಾಂಕ, ಎಲ್ಲಿ, ಎಷ್ಟು ಎಸೆತ, ಬೆನ್ನು ಹೇಗಿದೆ. ನಾಲ್ಕೇ ಕಾಲಂ. ಅದನ್ನು ಎಲ್ಲ ಕೋಚ್‌ಗಳ ಜೊತೆ ಹಂಚಿಕೊಳ್ಳಿ. ಇನ್ನೊಂದು ಕಾಲಂ ಹಾಕುವ ಮನಸ್ಸಿದ್ದರೆ, ಇವತ್ತಿನ ಪ್ರಾಕ್ಟೀಸ್ ಎಷ್ಟು ಕಷ್ಟ ಆಯಿತು ಎಂದು ಹತ್ತಕ್ಕೆ ಅಂಕ ಕೊಡಲು ಹುಡುಗನಿಗೇ ಹೇಳಿ. ಅದನ್ನು ನಿಮಿಷಗಳಿಂದ ಗುಣಿಸಿ. ಏಳು ಅಂಕ, 90 ನಿಮಿಷ ಎಂದರೆ 630, ಅದು ಆ ಪ್ರಾಕ್ಟೀಸ್‌ನ ಹೊರೆ. ದೊಡ್ಡ ದೊಡ್ಡ ತಂಡಗಳೂ ಇದನ್ನು ಬಿಟ್ಟಿಲ್ಲ.

ಸ್ಮಾರ್ಟ್‌ವಾಚ್ ಕೊಡಿಸಲಾ?

ನಿದ್ದೆ, ಬೆಳಗಿನ ನಾಡಿಬಡಿತ ನೋಡಲು ಪರವಾಗಿಲ್ಲ. ಬೌಲಿಂಗ್‌ನ ಹೊರೆ ಅದರಲ್ಲಿ ಗೊತ್ತಾಗುವುದಿಲ್ಲ. ತೋಳು ಜೋರಾಗಿ ಬೀಸುವಾಗ ಮಣಿಕಟ್ಟಿನ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಆ ದುಡ್ಡಲ್ಲಿ ಒಳ್ಳೆಯ ಸ್ಪೈಕ್ಸ್ ಕೊಡಿಸಿ.

ಮಗುವಿನ ಈ ಮಾಹಿತಿಯೆಲ್ಲ ಯಾರ ಕೈಗೆ ಹೋಗುತ್ತದೆ?

ಕೇಳಲೇಬೇಕಾದ ಪ್ರಶ್ನೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅಕಾಡೆಮಿಯವರು ಫಾರಂ ಕೊಟ್ಟರೆ ಓದಿ ಸಹಿ ಹಾಕಿ. ಸ್ಕ್ಯಾನ್ ರಿಪೋರ್ಟ್ ಆಯ್ಕೆಗಾರರಿಗೆ ಹೋಗುತ್ತದಾ, ಅಕಾಡೆಮಿ ಬಿಟ್ಟ ಮೇಲೆ ಅಳಿಸುತ್ತಾರಾ ಎಂದು ಕೇಳಿ. ಹುಡುಗಿಯರ ತಂಡಗಳಲ್ಲಿ ಮುಟ್ಟಿನ ದಿನಗಳನ್ನು ಬರೆದಿಡುವ ಆ್ಯಪ್‌ಗಳೂ ಬಂದಿವೆ. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ ಮೂಳೆ ಸೊರಗುವ ಅಪಾಯ ಇರುವುದರಿಂದ ವೈದ್ಯರಿಗೆ ಇದು ಬೇಕಾದ ಮಾಹಿತಿ. ಆದರೆ ಅದನ್ನು ನೋಡುವ ಹಕ್ಕು ವೈದ್ಯರಿಗೆ ಮಾತ್ರ ಇರಬೇಕು, ಕೋಚ್‌ಗಲ್ಲ.

ವಾಪಸ್ ಬೌಲಿಂಗ್ ಯಾವಾಗ? ಕಂಪ್ಯೂಟರ್ ಹೇಳುತ್ತದಾ?

ಬುಮ್ರಾ 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಮ್ಮ ಪ್ರಸಿದ್ಧ್ ಕೃಷ್ಣಗೂ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿತ್ತು. ಇಬ್ಬರೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡು, ನೆಟ್ಸ್‌ನಲ್ಲಿ ಪೂರ್ತಿ ವೇಗಕ್ಕೆ ಬಂದು, ಅಭ್ಯಾಸ ಪಂದ್ಯ ಆಡಿ, ಆಗಸ್ಟ್‌ನಲ್ಲಿ ಐರ್ಲೆಂಡ್‌ಗೆ ಹೋದರು. ಅಲ್ಲಿ ಒಬ್ಬೊಬ್ಬರಿಗೆ ನಾಲ್ಕು ಓವರ್‌ನ ಟಿ20 ಪಂದ್ಯಗಳು. ಒಂದೇ ಸಲ ಟೆಸ್ಟ್‌ಗೆ ಇಳಿಸಲಿಲ್ಲ. ಬುಮ್ರಾಗೆ 2025ರ ಜನವರಿಯಲ್ಲಿ ಸಿಡ್ನಿಯಲ್ಲಿ ಮತ್ತೆ ಬೆನ್ನು ಹಿಡಿಯಿತು. ಆ ವರ್ಷ ಇಂಗ್ಲೆಂಡ್‌ನಲ್ಲಿ ಐದು ಟೆಸ್ಟ್‌ಗಳಲ್ಲಿ ಮೂರೇ ಆಡಿದರು. ಇದಕ್ಕೆ ಬಹಳ ಜನ ಟೀಕೆ ಮಾಡಿದರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ.

ನಿಮ್ಮ ಹುಡುಗನಿಗೂ ಕ್ರಮ ಅದೇ. ಮೊದಲು ನೋವಿಲ್ಲದೆ ನಡೆದಾಡಬೇಕು, ಓಡಬೇಕು. ಒಂದು ಕಾಲ ಮೇಲೆ ನಿಂತು ಹಿಂದಕ್ಕೆ ಬಾಗಿದಾಗ ನೋವು ಬರಬಾರದು. ಆಮೇಲೆ ನಿಂತಲ್ಲಿಂದ ಎಸೆತ, ಅರ್ಧ ರನ್‌ಅಪ್, ಪೂರ್ತಿ ರನ್‌ಅಪ್. ವಾರ ವಾರ ಎಸೆತ ಏರಿಸುವುದು. ಪಟ್ಟಿ ಇದ್ದರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ಮುಟ್ಟಿಸಬೇಕು ಎಂದು ನನಗೂ ಗೊತ್ತಾಗುತ್ತದೆ. ಪಟ್ಟಿ ಇಲ್ಲದೆ ಬಂದರೆ ಅಂದಾಜಿನ ಮೇಲೆ ಹೋಗಬೇಕು.

ವಯಸ್ಸಿಗೆ ತಕ್ಕಂತೆ ಎಷ್ಟು ಓವರ್ ಹಾಕಿಸಬಹುದು?

ಇಂಗ್ಲೆಂಡ್‌ನ ಮಂಡಳಿ ಬಹಳ ಕಾಲ ಬಳಸಿದ ಮಿತಿ ಹೀಗಿದೆ. 13 ವರ್ಷದವರೆಗೆ ಒಂದು ಸ್ಪೆಲ್‌ಗೆ (ಬಿಡುವಿಲ್ಲದೆ ಹಾಕುವ ಸರದಿಗೆ) 5 ಓವರ್, ದಿನಕ್ಕೆ 10. 14-15ರ ವಯಸ್ಸಿಗೆ ಸ್ಪೆಲ್‌ಗೆ 6, ದಿನಕ್ಕೆ 12. ಅದರ ಮೇಲಿನ ಹುಡುಗರಿಗೆ ಸ್ಪೆಲ್‌ಗೆ 7, ದಿನಕ್ಕೆ 18. ನಮ್ಮ ಬಿಸಿಲಿಗೆ ನಾನು ಇನ್ನೂ ಸ್ವಲ್ಪ ಕಡಿಮೆಯೇ ಹೇಳುತ್ತೇನೆ. ಟೆನಿಸ್ ಬಾಲ್‌ನಲ್ಲಿ ಹಾಕಿದ ಓವರ್‌ಗಳೂ ಇದರೊಳಗೇ ಸೇರಬೇಕು. ಚೆಂಡು ಹಗುರ ಇರಬಹುದು, ಕಾಲು ನೆಲಕ್ಕೆ ಬಡಿಯುವುದು ಅಷ್ಟೇ ಜೋರಾಗಿ.